ಲೆಫ್ಟಿನೆಂಟ್ ಫ್ಲಿಪ್ಪರ್ ಪ್ರಕರಣ: ಹಣ ನುಂಗಿಲ್ಲ ಅಂತ ತೀರ್ಪು ಬಂತು, ಕೆಲಸ ಮಾತ್ರ ಉಳಿಯಲಿಲ್ಲ

1881ರ ಕೊನೆಯಲ್ಲಿ ಟೆಕ್ಸಾಸ್‌ನ ಪಶ್ಚಿಮ ಭಾಗದ ಒಂದು ಸೈನಿಕ ಠಾಣೆಯಲ್ಲಿ ಕೋರ್ಟ್ ಮಾರ್ಷಲ್, ಅಂದರೆ ಸೈನ್ಯದ ಒಳಗಿನ ವಿಚಾರಣೆ, ನಡೆಯಿತು. ಠಾಣೆಯ ಹೆಸರು ಫೋರ್ಟ್ ಡೇವಿಸ್. ಆರೋಪಿ ಸೆಕೆಂಡ್ ಲೆಫ್ಟಿನೆಂಟ್ ಹೆನ್ರಿ ಒಸಿಯನ್ ಫ್ಲಿಪ್ಪರ್, ವಯಸ್ಸು 25. ಆಗ ಅಮೆರಿಕದ ಸೈನ್ಯದಲ್ಲಿ ಸುಮಾರು ಎರಡು ಸಾವಿರ ಅಧಿಕಾರಿಗಳಿದ್ದರು. ಅವರಲ್ಲಿ ಕಪ್ಪು ಜನಾಂಗದವನು ಇವನೊಬ್ಬನೇ.

ಆರೋಪ ಎರಡು. ಒಂದು, ಸರ್ಕಾರದ 3,791 ಡಾಲರ್ 77 ಸೆಂಟ್ ನುಂಗಿದ್ದು. ಇನ್ನೊಂದು, ಅಧಿಕಾರಿಗೂ ಮರ್ಯಾದಸ್ಥನಿಗೂ ತಕ್ಕದ್ದಲ್ಲದ ನಡತೆ. ಮೊದಲನೆಯದರಲ್ಲಿ ನಿರ್ದೋಷಿ ಅಂದರು. ಎರಡನೆಯದರಲ್ಲಿ ದೋಷಿ ಅಂದರು. ಶಿಕ್ಷೆ ವಜಾ.

ಇಷ್ಟು ಕೇಳಿದವರು ಸಾಮಾನ್ಯವಾಗಿ ಹೇಳುವ ಮಾತು, ಬಣ್ಣ ನೋಡಿ ಮನೆಗೆ ಕಳಿಸಿದರು ಅಂತ. ಅದು ಸುಳ್ಳಲ್ಲ. ಆದರೆ ಅಲ್ಲಿಗೇ ನಿಲ್ಲಿಸಿದರೆ ಪ್ರಕರಣದ ಅರ್ಧ ಭಾಗ ತಪ್ಪಿಹೋಗುತ್ತದೆ. ಯಾಕಂದ್ರೆ ಫ್ಲಿಪ್ಪರ್ ಸುಳ್ಳು ಹೇಳಿದ್ದು ನಿಜ. ಕಳಿಸದ ಹಣವನ್ನು ಕಳಿಸಿದ್ದೇನೆ ಅಂದಿದ್ದ. ತನ್ನ ದುಡ್ಡಿಲ್ಲದ ಬ್ಯಾಂಕಿನ ಮೇಲೆ ಚೆಕ್ ಬರೆದಿದ್ದ. ಇದನ್ನು ಅವನೂ ಅಲ್ಲಗಳೆಯಲಿಲ್ಲ. ನನಗೆ ಈ ಪ್ರಕರಣದಲ್ಲಿ ಹಿಡಿಸುವುದೇ ಈ ಗಂಟು. ಇಷ್ಟೊಂದು ಸಹಿಸಿಕೊಂಡು ಬಂದ, ಇಷ್ಟು ಶಿಸ್ತಿನ ಮನುಷ್ಯ, ಲೆಕ್ಕದಲ್ಲಿ ಹಣ ಕಮ್ಮಿ ಬಿದ್ದಾಗ ಕಮಾಂಡರ್ ಹತ್ತಿರ ಹೋಗಿ "ಸರ್, ತಾಳೆ ಆಗ್ತಿಲ್ಲ" ಅನ್ನಲಾರದೆ ಹೋದದ್ದು ಯಾಕೆ? ಮತ್ತು ಅದೇ ಕಾಲದಲ್ಲಿ ಹಣದ ವಿಷಯದಲ್ಲೇ ಸಿಕ್ಕಿಬಿದ್ದ ಬೇರೆ ಅಧಿಕಾರಿಗಳಿಗೆ ಏನಾಯಿತು?

ಹಿನ್ನೆಲೆ

ಫ್ಲಿಪ್ಪರ್ ಹುಟ್ಟಿದ್ದು 1856ರ ಮಾರ್ಚ್ 21ರಂದು, ಜಾರ್ಜಿಯಾ ರಾಜ್ಯದ ಥಾಮಸ್‌ವಿಲ್‌ನಲ್ಲಿ. ಹುಟ್ಟಿನಿಂದಲೇ ಗುಲಾಮ. ಅಪ್ಪ ಫೆಸ್ಟಸ್ ಚಪ್ಪಲಿ, ಬೂಟು ಹೊಲಿಯುವವನು, ಸಾರೋಟಿನ ಒಳಗಿನ ಕೆಲಸದಲ್ಲೂ ಪಳಗಿದವನು. ಅಪ್ಪ ಒಬ್ಬ ಮಾಲೀಕನ ಆಸ್ತಿ, ಅಮ್ಮ ಇಸಾಬೆಲ್ಲಾ ಇನ್ನೊಬ್ಬನ ಆಸ್ತಿ. ಅಪ್ಪನ ಮಾಲೀಕ ಅಟ್ಲಾಂಟಾಗೆ ಹೊರಟಾಗ ಸಂಸಾರ ಎರಡಾಗುವ ಹಾಗಿತ್ತು. ಆಗ ಅಪ್ಪ ತಾನು ಕೂಡಿಟ್ಟ ದುಡ್ಡನ್ನು ಮಾಲೀಕನ ಕೈಗೇ ಕೊಟ್ಟು, ಹೆಂಡತಿ ಮಗುವನ್ನು ಕೊಂಡುಕೊಳ್ಳಿ, ನನ್ನ ದುಡ್ಡು ಆಮೇಲೆ ವಾಪಸ್ ಕೊಡಿ ಅಂತ ಒಪ್ಪಿಸಿದನಂತೆ. ಗುಲಾಮ ಮಾಲೀಕನಿಗೆ ಸಾಲ ಕೊಡುವುದು! ಮಗನೇ ಬರೆದಿಟ್ಟ ವಿಷಯ ಇದು.

ಅಂತರ್ಯುದ್ಧ ಮುಗಿದು ಗುಲಾಮಗಿರಿ ಹೋಯಿತು. ಹುಡುಗ ಓದಿದ, ಅಟ್ಲಾಂಟಾ ವಿಶ್ವವಿದ್ಯಾಲಯ ಸೇರಿದ. 1873ರಲ್ಲಿ ಜಾರ್ಜಿಯಾದ ಸಂಸದ ಜೇಮ್ಸ್ ಫ್ರೀಮನ್ ಅವನ ಹೆಸರನ್ನು ವೆಸ್ಟ್ ಪಾಯಿಂಟ್‌ಗೆ ಸೂಚಿಸಿದ. ವೆಸ್ಟ್ ಪಾಯಿಂಟ್ ಅಂದರೆ ಅಮೆರಿಕದ ಸೈನ್ಯಕ್ಕೆ ಅಧಿಕಾರಿಗಳನ್ನು ತಯಾರು ಮಾಡುವ ಅಕಾಡೆಮಿ, ನ್ಯೂಯಾರ್ಕ್ ರಾಜ್ಯದಲ್ಲಿ ಹಡ್ಸನ್ ನದಿಯ ದಂಡೆಯ ಮೇಲಿದೆ. ಅಲ್ಲಿಗೆ ಸೇರಲು ಆಗಲೂ ಈಗಲೂ ಸಾಮಾನ್ಯವಾಗಿ ಸಂಸದರ ಸೂಚನೆ ಬೇಕು.

ಆ ನಾಲ್ಕು ವರ್ಷದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕಂದ್ರೆ ಮುಂದಿನದೆಲ್ಲ ಅಲ್ಲಿಂದಲೇ ಬಂದದ್ದು ಅಂತ ನನ್ನ ಲೆಕ್ಕ. ವೆಸ್ಟ್ ಪಾಯಿಂಟ್‌ನಲ್ಲಿ ಕಪ್ಪು ಕೆಡೆಟ್‌ಗಳನ್ನು ಹೊಡೆದು ಓಡಿಸುವುದಕ್ಕಿಂತ ಜಾಸ್ತಿ ಮಾಡುತ್ತಿದ್ದದ್ದು ಮಾತು ಬಿಡುವುದು. ಡ್ಯೂಟಿಗೆ ಬೇಕಾದ ಮಾತು ಬಿಟ್ಟರೆ ಯಾರೂ ಮಾತಾಡಿಸುವುದಿಲ್ಲ. ಊಟದ ಮೇಜಿನಲ್ಲಿ ಇಲ್ಲ, ಆಟದಲ್ಲಿ ಇಲ್ಲ, ಹಬ್ಬದ ದಿನವೂ ಇಲ್ಲ. ಅಲ್ಲಿ ಮೊದಲು ಸೇರಿದ ಕಪ್ಪು ಕೆಡೆಟ್ ಜೇಮ್ಸ್ ವೆಬ್‌ಸ್ಟರ್ ಸ್ಮಿತ್. ಅವನು ಸುಮ್ಮನಿರುವ ಜಾಯಮಾನದವನಲ್ಲ, ಪ್ರತಿ ಅವಮಾನಕ್ಕೂ ದೂರು ಕೊಟ್ಟ, ತಿರುಗಿಬಿದ್ದ. 1874ರಲ್ಲಿ ಪರೀಕ್ಷೆಯಲ್ಲಿ ಫೇಲು ಅಂತ ಕಳಿಸಿಬಿಟ್ಟರು. ಫ್ಲಿಪ್ಪರ್ ಇದನ್ನು ಹತ್ತಿರದಿಂದ ನೋಡಿದ್ದ. ಅವನು ಬೇರೆ ದಾರಿ ಹಿಡಿದ. ದೂರು ಕೊಡುವುದಿಲ್ಲ, ಮೇಲೆಬಿದ್ದು ಮಾತಾಡಿಸುವುದಿಲ್ಲ, ಯಾರ ಸಹಾಯವನ್ನೂ ಕೇಳುವುದಿಲ್ಲ. ತನ್ನ ಪಾಡಿಗೆ ತಾನು ಓದುವುದು. ಆ ದಾರಿ ಫಲ ಕೊಟ್ಟಿತು. 1877ರ ಜೂನ್‌ನಲ್ಲಿ 76 ಜನರ ತರಗತಿಯಲ್ಲಿ 50ನೆಯವನಾಗಿ ಪಾಸಾದ. ವೆಸ್ಟ್ ಪಾಯಿಂಟ್ ಮುಗಿಸಿದ ಮೊದಲ ಕಪ್ಪು ಮನುಷ್ಯ. ಮರುವರ್ಷವೇ ಕೆಡೆಟ್ ದಿನಗಳ ಬಗ್ಗೆ ಪುಸ್ತಕ ಬರೆದ. ಅದರ ಸ್ವರ ಸಮಾಧಾನದ್ದು, ಬೈಗುಳ ಕಮ್ಮಿ.

ಒಬ್ಬನೇ ಎಲ್ಲವನ್ನೂ ನಿಭಾಯಿಸಿದರೆ ಗೆಲ್ಲಬಹುದು ಅನ್ನುವ ಪಾಠವನ್ನು ಅವನು ಅಲ್ಲಿ ಕಲಿತ. ಫೋರ್ಟ್ ಡೇವಿಸ್‌ನಲ್ಲಿ ಅವನನ್ನು ಮುಳುಗಿಸಿದ್ದೂ ಇದೇ ಪಾಠ.

ಕೆಲಸ ಹೇಗಿತ್ತು

ಆಗ ಅಮೆರಿಕದ ಸೈನ್ಯದಲ್ಲಿ ಕಪ್ಪು ಸೈನಿಕರದ್ದೇ ನಾಲ್ಕು ರೆಜಿಮೆಂಟ್ ಇದ್ದವು. 9ನೇ ಮತ್ತು 10ನೇ ಅಶ್ವದಳ, 24ನೇ ಮತ್ತು 25ನೇ ಕಾಲಾಳು ದಳ. ಸೈನಿಕರೆಲ್ಲ ಕಪ್ಪು ಜನ, ಅಧಿಕಾರಿಗಳೆಲ್ಲ ಬಿಳಿಯರು. ಫ್ಲಿಪ್ಪರ್ 10ನೇ ಅಶ್ವದಳದ ಎ ಟ್ರೂಪ್ ಸೇರಿದ. ಅದರ ನಾಯಕ ಕ್ಯಾಪ್ಟನ್ ನಿಕೊಲಸ್ ನೋಲನ್, ಐರ್ಲೆಂಡ್‌ನಲ್ಲಿ ಹುಟ್ಟಿದವನು. ಇವನೊಬ್ಬ ಫ್ಲಿಪ್ಪರ್‌ನನ್ನು ಮನುಷ್ಯನ ಹಾಗೆ ನೋಡಿಕೊಂಡ, ಮನೆಗೆ ಕರೆದು ಊಟಕ್ಕೆ ಹಾಕಿದ. ಕಪ್ಪು ಅಧಿಕಾರಿಯನ್ನು ಮನೆಗೆ ಸೇರಿಸಿದ್ದಕ್ಕೆ ಉಳಿದವರಿಂದ ಮಾತೂ ಕೇಳಿಸಿಕೊಂಡ.

ಓಕ್ಲಹೋಮಾದ ಫೋರ್ಟ್ ಸಿಲ್‌ನಲ್ಲಿದ್ದಾಗ ಫ್ಲಿಪ್ಪರ್ ಮಾಡಿದ ಒಂದು ಕೆಲಸ ಇವತ್ತಿಗೂ ಇದೆ. ಠಾಣೆಯ ಸುತ್ತ ನೀರು ನಿಂತು ಸೊಳ್ಳೆ, ಮಲೇರಿಯಾ. ಅದನ್ನು ಹೊರಗೆ ಹರಿಸಲು ಇವನು ಅಳತೆ ಮಾಡಿ ಒಂದು ಕಾಲುವೆ ತೋಡಿಸಿದ. ಜನ ಅದನ್ನು ಫ್ಲಿಪ್ಪರ್ಸ್ ಡಿಚ್ ಅಂತಲೇ ಕರೆಯುತ್ತಾರೆ, 1977ರಲ್ಲಿ ಅದನ್ನು ರಾಷ್ಟ್ರೀಯ ಸ್ಮಾರಕ ಅಂತ ಘೋಷಿಸಿದರು. 1880ರಲ್ಲಿ ಅಪಾಚೆ ನಾಯಕ ವಿಕ್ಟೋರಿಯೊ ವಿರುದ್ಧದ ಕಾರ್ಯಾಚರಣೆಯಲ್ಲೂ ಇದ್ದ. ತನ್ನ ರೆಜಿಮೆಂಟಿನ ಮುಖ್ಯಸ್ಥ ಕರ್ನಲ್ ಗ್ರಿಯರ್ಸನ್‌ಗೆ ಸುದ್ದಿ ಮುಟ್ಟಿಸಲು 22 ಗಂಟೆಯಲ್ಲಿ 98 ಮೈಲಿ ಕುದುರೆ ಓಡಿಸಿದೆ ಅಂತ ತಾನೇ ಬರೆದುಕೊಂಡಿದ್ದಾನೆ. ಒಟ್ಟಿನಲ್ಲಿ 1881ರ ಆರಂಭದವರೆಗೆ ಅವನ ಸರ್ವಿಸ್‌ನಲ್ಲಿ ಕಪ್ಪು ಚುಕ್ಕೆ ಇಲ್ಲ.

ಫೋರ್ಟ್ ಡೇವಿಸ್‌ನಲ್ಲಿ ಅವನಿಗೆ ಎರಡು ಜವಾಬ್ದಾರಿ ಕೊಟ್ಟರು. ಒಂದು ಕ್ವಾರ್ಟರ್‌ಮಾಸ್ಟರ್, ಅಂದರೆ ಠಾಣೆಯ ಕಟ್ಟಡ, ಗಾಡಿ, ಮೇವು, ಸಾಮಾನು ನೋಡಿಕೊಳ್ಳುವುದು. ಇನ್ನೊಂದು ಕಮಿಸರಿ, ಅಂದರೆ ದಿನಸಿ ವಿಭಾಗ. ಸೈನಿಕರ ರೇಷನ್ ಜೊತೆಗೆ ಅಧಿಕಾರಿಗಳು, ಸೈನಿಕರು, ಬಟ್ಟೆ ಒಗೆಯುವ ಹೆಂಗಸರು ಇವರಿಗೆಲ್ಲ ಹಣಕ್ಕೆ ಮಾರುವ ಅಂಗಡಿಯೂ ಅದೇ. ನಗದು, ಚೆಕ್ಕು, ಸಾಲ ಮೂರೂ ನಡೆಯುತ್ತಿತ್ತು. ವಾರಕ್ಕೊಮ್ಮೆ ಲೆಕ್ಕದ ಪಟ್ಟಿಗೆ ಕಮಾಂಡರ್ ಸಹಿ ಬೇಕು. ಕೂಡಿದ ಹಣವನ್ನು ಸ್ಯಾನ್ ಆಂಟೋನಿಯೊದಲ್ಲಿದ್ದ ಮುಖ್ಯ ಕಮಿಸರಿ ಅಧಿಕಾರಿ ಮೇಜರ್ ಮೈಕೆಲ್ ಸ್ಮಾಲ್‌ಗೆ ಕಳಿಸಬೇಕು.

ನಮ್ಮೂರಿನ ಸಹಕಾರ ಸಂಘದ ಕಾರ್ಯದರ್ಶಿಯ ಕೆಲಸ ನೋಡಿದವರಿಗೆ ಈ ಜಾಗದ ಅಪಾಯ ತಟ್ಟನೆ ಅರ್ಥವಾಗುತ್ತದೆ. ಎಲ್ಲರೂ ಪರಿಚಯದವರು, ಎಲ್ಲರದ್ದೂ ಬಾಕಿ, ತಿಂಗಳ ಕೊನೆಗೆ ಸಹಿ ಮಾತ್ರ ನಿಮ್ಮದು.

1881ರ ಬೇಸಿಗೆ

ಮಾರ್ಚ್‌ನಲ್ಲಿ ಹೊಸ ಕಮಾಂಡರ್ ಬಂದ. ಕರ್ನಲ್ ವಿಲಿಯಂ ರೂಫಸ್ ಶಾಫ್ಟರ್, 1ನೇ ಕಾಲಾಳು ದಳ. ಒರಟ, ಬಾಯಿ ಜೋರು, ಕೈಕೆಳಗಿನವರ ಮೇಲೆ ಬೀಳುವವನು ಅಂತ ಹೆಸರು. ಆದರೆ ಇವನನ್ನು ಕಥೆಯ ಖಳನಾಯಕ ಅಂತ ಸುಲಭಕ್ಕೆ ಕೂರಿಸಲು ಆಗುವುದಿಲ್ಲ. ಅಂತರ್ಯುದ್ಧದಲ್ಲಿ ಕಪ್ಪು ಸೈನಿಕರ ರೆಜಿಮೆಂಟನ್ನು ಮುನ್ನಡೆಸಿದವನು ಇವನು, ಆಮೇಲೆ ವರ್ಷಗಟ್ಟಲೆ 24ನೇ ಕಾಲಾಳು ದಳದಲ್ಲಿದ್ದವನು. ಕಪ್ಪು ಸೈನಿಕರ ಜೊತೆ ಅವನಿಗೆ ತಕರಾರು ಇರಲಿಲ್ಲ. ಕಪ್ಪು ಅಧಿಕಾರಿ ಅನ್ನುವುದು ಬೇರೆ ಮಾತು.

ಬಂದವನೇ ಫ್ಲಿಪ್ಪರ್‌ನನ್ನು ಕ್ವಾರ್ಟರ್‌ಮಾಸ್ಟರ್ ಕೆಲಸದಿಂದ ತೆಗೆದ. ಕಮಿಸರಿಯಿಂದಲೂ ತೆಗೆಯುತ್ತೇನೆ, ಬೇರೆಯವರು ಸಿಗುವ ತನಕ ನೋಡಿಕೋ ಅಂದ. ಫ್ಲಿಪ್ಪರ್ ಹೇಳಿದ ಪ್ರಕಾರ, ಹಣವನ್ನು ನಿನ್ನ ಕೋಣೆಯಲ್ಲೇ ಇಟ್ಟುಕೋ ಅಂತಲೂ ಹೇಳಿದ್ದ. ಸರ್ಕಾರದ ಹಣ ಹೀಗೆ ಲೆಫ್ಟಿನೆಂಟನ ಖಾಸಗಿ ಟ್ರಂಕಿಗೆ ಬಂತು. ಆ ಟ್ರಂಕಿನಲ್ಲಿ ಮನೆ ಕೆಲಸದ ಹೆಂಗಸಿನ ಬಟ್ಟೆಯೂ ಇತ್ತು, ಅದನ್ನು ತೆಗೆಯುವ ಹಾಕುವ ರೂಢಿ ಅವಳಿಗೂ ಇತ್ತು. ಇದು ಫ್ಲಿಪ್ಪರ್‌ನ ತಪ್ಪು, ದೊಡ್ಡ ತಪ್ಪು.

ಅದರ ಮೇಲೆ ಮೇ ತಿಂಗಳಲ್ಲಿ ಮೇಜರ್ ಸ್ಮಾಲ್‌ನಿಂದ ಸೂಚನೆ ಬಂತು. ತಾನು ಸ್ಯಾನ್ ಆಂಟೋನಿಯೊದಲ್ಲಿ ಇರುವುದಿಲ್ಲ, ಮತ್ತೆ ಹೇಳುವ ತನಕ ಹಣ ಕಳಿಸಬೇಡ ಅಂತ. ಸಾಮಾನ್ಯವಾಗಿ ಸಣ್ಣ ಮೊತ್ತ ಇದ್ದಾಗಲೇ ಖಾಲಿಯಾಗುತ್ತಿದ್ದ ಟ್ರಂಕಿನಲ್ಲಿ ಹಣ ತಿಂಗಳಿಂದ ತಿಂಗಳಿಗೆ ಬೆಳೆಯಿತು. ಜುಲೈ ಮೊದಲ ವಾರ ಎಣಿಸಿ ನೋಡಿದಾಗ ಲೆಕ್ಕಕ್ಕೂ ಕೈಯಲ್ಲಿದ್ದದ್ದಕ್ಕೂ ಭಾರೀ ವ್ಯತ್ಯಾಸ.

ಇಲ್ಲಿ ಒಂದು ಅಂಕಿ ಗಮನಿಸಿ. ಕುದುರೆ ದಳದ ಸೆಕೆಂಡ್ ಲೆಫ್ಟಿನೆಂಟನ ಸಂಬಳ ಆಗ ವರ್ಷಕ್ಕೆ 1,500 ಡಾಲರ್. ಕೊರತೆ ಹೆಚ್ಚು ಕಮ್ಮಿ ಒಂದು ವರ್ಷದ ಸಂಬಳದಷ್ಟು. ಕಿಸೆಯಿಂದ ತುಂಬಿಸಿ ಮುಗಿಸುವ ಮೊತ್ತ ಅಲ್ಲ. ಫ್ಲಿಪ್ಪರ್‌ಗೆ ತನ್ನ ಪುಸ್ತಕದ ರಾಯಲ್ಟಿ ನ್ಯೂಯಾರ್ಕಿನ ಪ್ರಕಾಶಕರಿಂದ ಬರಬೇಕಿತ್ತು. ಅದು ಬಂದರೆ ಸರಿಹೋಗುತ್ತದೆ ಅಂತ ನಂಬಿದ. ಅಲ್ಲಿಯವರೆಗೆ ಮುಚ್ಚಿಡೋಣ ಅಂದುಕೊಂಡ. 1,440 ಡಾಲರ್ 43 ಸೆಂಟಿಗೆ ಸ್ಯಾನ್ ಆಂಟೋನಿಯೊ ನ್ಯಾಷನಲ್ ಬ್ಯಾಂಕಿನ ಮೇಲೆ ಒಂದು ಚೆಕ್ ಬರೆದು ಉಳಿದ ಹಣದ ಜೊತೆ ಶಾಫ್ಟರ್‌ಗೆ ತೋರಿಸಿದ. ಆ ಬ್ಯಾಂಕಿನಲ್ಲಿ ಅವನ ದುಡ್ಡಿರಲಿಲ್ಲ. ಶಾಫ್ಟರ್ ಪಟ್ಟಿಗೆ ಸಹಿ ಹಾಕಿದ. ಆಮೇಲೆ ಕೇಳಿದಾಗೆಲ್ಲ ಫ್ಲಿಪ್ಪರ್ ಅಂದದ್ದು ಒಂದೇ, ಹಣ ಅಂಚೆಯಲ್ಲಿ ಹೋಗಿದೆ.

ರಾಯಲ್ಟಿ ಬರಲಿಲ್ಲ. ಬಂದದ್ದು ಆಗಸ್ಟ್‌ನಲ್ಲಿ ಮೇಜರ್ ಸ್ಮಾಲ್‌ನ ತಂತಿ, ನನಗೆ ಹಣ ತಲುಪಿಲ್ಲ ಅಂತ.

ಶಾಫ್ಟರ್ ಫ್ಲಿಪ್ಪರ್‌ನ ಕೋಣೆ ಹುಡುಕಿಸಿದ. ಮನೆ ಕೆಲಸದವಳನ್ನು ತಪಾಸಣೆ ಮಾಡಿದಾಗ ಅವಳ ಬಟ್ಟೆಯೊಳಗೆ ಸುಮಾರು 2,800 ಡಾಲರಿನ ಕಮಿಸರಿ ಚೆಕ್ಕುಗಳು ಸಿಕ್ಕವು. ಫ್ಲಿಪ್ಪರ್‌ನನ್ನು ಆಗಸ್ಟ್ 13ರಂದು ಬಂಧಿಸಿದರು. ಬಂಧಿಸಿದ್ದು ಸರಿ, ಇಟ್ಟದ್ದು ಎಲ್ಲಿ ನೋಡಿ. ಆಪಾದನೆ ಬಂದ ಅಧಿಕಾರಿಯನ್ನು ಅವನ ಕೋಣೆಯಲ್ಲೇ ಇರಿಸುವುದು ಆ ಸೈನ್ಯದ ರೂಢಿ. ಇವನನ್ನು ಗಾರ್ಡ್‌ಹೌಸಿನ ಆರೂವರೆ ಅಡಿ ಉದ್ದ, ನಾಲ್ಕೂವರೆ ಅಡಿ ಅಗಲದ ಗೂಡಿಗೆ ತಳ್ಳಿದರು. ಕೆಲವು ದಿನದ ಮೇಲೆ ಮೇಲಿನಿಂದ ಆಕ್ಷೇಪ ಬಂದ ನಂತರವೇ ಕೋಣೆಗೆ ಕಳಿಸಿದ್ದು.

ಇನ್ನೊಂದು ವಿಷಯ ಅಷ್ಟರಲ್ಲೇ ನಡೆಯಿತು, ಇದನ್ನು ಬಹಳ ಜನ ಹೇಳುವುದಿಲ್ಲ. ಚೆಕ್ಕುಗಳು ಸಿಕ್ಕಮೇಲೂ 2,000 ಡಾಲರಿಗಿಂತ ಸ್ವಲ್ಪ ಜಾಸ್ತಿ ಕೊರತೆ ಉಳಿದಿತ್ತು. ಫೋರ್ಟ್ ಡೇವಿಸ್ ಪೇಟೆಯ ವ್ಯಾಪಾರಿಗಳು, ಪರಿಚಯದವರು ಸೇರಿ ನಾಲ್ಕೇ ದಿನದಲ್ಲಿ ಅಷ್ಟೂ ಹಣ ಕೂಡಿಸಿ ಕಟ್ಟಿದರು. ಬಹುಪಾಲು ಬಿಳಿಯರು. ಶಾಫ್ಟರ್ ಕೂಡ 100 ಡಾಲರ್ ಕೊಟ್ಟ! ಅಂದರೆ ವಿಚಾರಣೆ ಶುರುವಾಗುವ ಹೊತ್ತಿಗೆ ಸರ್ಕಾರಕ್ಕೆ ಒಂದು ಸೆಂಟ್ ನಷ್ಟ ಇರಲಿಲ್ಲ.

ಇದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಜುಲೈನಲ್ಲಿ ಕೇಳಿದ್ದರೆ ಇದೇ ಜನ ಇದೇ ಹಣ ಕೊಡುತ್ತಿದ್ದರು, ಅಲ್ವಾ? ಅವನು ಕೇಳಲಿಲ್ಲ. ಕೇಳುವ ಅಭ್ಯಾಸವೇ ಅವನಿಗಿರಲಿಲ್ಲ. ಬೇರೆ ಲೆಫ್ಟಿನೆಂಟ್ ಆಗಿದ್ದರೆ ರಾತ್ರಿ ಮೆಸ್ಸಿನಲ್ಲಿ ಯಾರ ಹತ್ತಿರವಾದರೂ ಬಾಯಿ ಬಿಡುತ್ತಿದ್ದ. ಹಿರಿಯರೊಬ್ಬರು "ಮೊದಲು ಕರ್ನಲ್‌ಗೆ ಹೇಳು ಮಾರಾಯ" ಅನ್ನುತ್ತಿದ್ದರು. ಫ್ಲಿಪ್ಪರ್‌ಗೆ ಅಧಿಕಾರಿಗಳ ನಡುವೆ ಅಂಥ ಒಬ್ಬನೂ ಇರಲಿಲ್ಲ. ನೋಲನ್ ಜೊತೆಗಿನ ಸಲಿಗೆಯೂ ಅಷ್ಟರಲ್ಲಿ ತಣ್ಣಗಾಗಿತ್ತು. ನೋಲನ್‌ನ ನಾದಿನಿಯ ಜೊತೆ ಫ್ಲಿಪ್ಪರ್ ಕುದುರೆ ಸವಾರಿಗೆ ಹೋಗುತ್ತಿದ್ದದ್ದು, ಅವಳನ್ನು ಮೆಚ್ಚಿದ ಇನ್ನೊಬ್ಬ ಬಿಳಿ ಲೆಫ್ಟಿನೆಂಟನಿಗೆ ಅದು ಸೇರದಿದ್ದದ್ದು, ಇದೇ ತನ್ನ ಮೇಲಿನ ಹಗೆಗೆ ಮೂಲ ಅಂತ ಮುಂದೆ ಫ್ಲಿಪ್ಪರ್ ಬರೆದ. ಇರಬಹುದು. ನನಗೆ ಅದು ಪ್ರಕರಣದ ತಿರುಳು ಅನ್ನಿಸುವುದಿಲ್ಲ. ಹಣ ಕಾಣೆಯಾದದ್ದು ಹಗೆಯಿಂದ ಅಲ್ಲ.

ವಿಚಾರಣೆ

ಕೋರ್ಟ್ ಸೆಪ್ಟೆಂಬರ್‌ನಲ್ಲಿ ಸೇರಿತು, ಫ್ಲಿಪ್ಪರ್ ವಕೀಲನನ್ನು ಹುಡುಕಿಕೊಳ್ಳಲು ಸಮಯ ಕೇಳಿದ್ದಕ್ಕೆ ನವೆಂಬರ್‌ಗೆ ಮುಂದೆ ಹೋಯಿತು. ಅವನ ಪರ ನಿಂತವನು ಕ್ಯಾಪ್ಟನ್ ಮೆರಿಟ್ ಬಾರ್ಬರ್, 16ನೇ ಕಾಲಾಳು ದಳದ ಬಿಳಿ ಅಧಿಕಾರಿ. ತಾನಾಗಿಯೇ ಮುಂದೆ ಬಂದವನು. ಸರ್ಕಾರದ ಪರ ಕ್ಯಾಪ್ಟನ್ ಜಾನ್ ಕ್ಲೌಸ್. ನ್ಯಾಯಾಧೀಶರ ಜಾಗದಲ್ಲಿ ಕೂತವರೆಲ್ಲ ಬಿಳಿ ಅಧಿಕಾರಿಗಳು, ಬೇರೆ ಯಾರು ಇರಲು ಸಾಧ್ಯ?

ಬಾರ್ಬರ್ ಚೆನ್ನಾಗಿ ವಾದಿಸಿದ. ಹಣ ತನ್ನ ಖರ್ಚಿಗೆ ಬಳಸಿದ ಅನ್ನುವುದಕ್ಕೆ ಸಾಕ್ಷಿ ಎಲ್ಲಿದೆ ಅಂತ ಕೇಳಿದ. ಇರಲಿಲ್ಲ. ಫ್ಲಿಪ್ಪರ್ ಜೂಜುಕೋರ ಅಲ್ಲ, ಕುಡುಕ ಅಲ್ಲ, ಹಣ ತೆಗೆದುಕೊಂಡು ಓಡಿಹೋಗಲೂ ಇಲ್ಲ. ಮೆಕ್ಸಿಕೊ ಗಡಿ ಪಕ್ಕದಲ್ಲೇ ಇತ್ತು, ಓಡುವವನಾಗಿದ್ದರೆ ಓಡಬಹುದಿತ್ತು. ಪೇಟೆಯವರು ಬಂದು ಅವನ ನಡತೆ ಒಳ್ಳೆಯದು ಅಂತ ಸಾಕ್ಷಿ ಹೇಳಿದರು. 10ನೇ ಅಶ್ವದಳದ ಕರ್ನಲ್ ಗ್ರಿಯರ್ಸನ್ ಪತ್ರ ಕಳಿಸಿ ಹೊಗಳಿದ. ಕೊನೆಯಲ್ಲಿ ಬಾರ್ಬರ್ ಕೋರ್ಟಿನ ಮುಂದಿಟ್ಟ ಪ್ರಶ್ನೆ ನೇರವಾಗಿತ್ತು: ಕಪ್ಪು ಮನುಷ್ಯ ಅಮೆರಿಕದ ಸೈನ್ಯದಲ್ಲಿ ಅಧಿಕಾರಿಯಾಗಿ ಉಳಿಯಲು ಸಾಧ್ಯವೋ ಇಲ್ಲವೋ, ನೀವು ತೀರ್ಮಾನಿಸುವುದು ಇದನ್ನೇ.

ಫ್ಲಿಪ್ಪರ್ ಪ್ರಮಾಣ ಮಾಡಿ ಸಾಕ್ಷಿಕಟ್ಟೆ ಹತ್ತಲಿಲ್ಲ, ಲಿಖಿತ ಹೇಳಿಕೆ ಕೊಟ್ಟ. ಯಾಕೆ ಮುಚ್ಚಿಟ್ಟೆ ಅನ್ನುವುದಕ್ಕೆ ಅವನ ಉತ್ತರ ಇಷ್ಟು. ಕಮಾಂಡರ್ ನಿನ್ನನ್ನು ಸಿಕ್ಕಿಸಲು ಕಾಯುತ್ತಿದ್ದಾನೆ ಅಂತ ಯಾರೋ ಮೊದಲೇ ಎಚ್ಚರಿಸಿದ್ದರು. ಆಗ ನಂಬಲಿಲ್ಲ. ಹಣ ಕಮ್ಮಿ ಬಿದ್ದಾಗ ಆ ಮಾತು ನೆನಪಾಯಿತು. ಅವನು ಕಠಿಣ ಮನುಷ್ಯ ಅಂತ ಗೊತ್ತಿತ್ತು. ಮೊದಲ ತಪ್ಪು ಆಗಿಹೋದಮೇಲೆ, ಅವನಿಗೆ ತಿಳಿಯದ ಹಾಗೆ ನಾನೊಬ್ಬನೇ ಸರಿಮಾಡಿಬಿಡುತ್ತೇನೆ ಅಂತ ಹುಸಿ ಆಸೆ ಇಟ್ಟುಕೊಂಡೆ. ವೆಸ್ಟ್ ಪಾಯಿಂಟ್‌ನ ಆ ಹುಡುಗನೇ ಇಲ್ಲೂ ಮಾತಾಡುತ್ತಿದ್ದಾನೆ ಅಂತ ನನಗನ್ನಿಸುತ್ತದೆ.

ಹಣ ನುಂಗಿದ ಆರೋಪ ಬಿದ್ದುಹೋಯಿತು. ಸುಳ್ಳು ಹೇಳಿದ್ದು, ಸುಳ್ಳು ಪಟ್ಟಿ, ಸುಳ್ಳು ಚೆಕ್, ಇವು ನಿಂತವು.

ಈಗ ಕಾನೂನಿನ ಕೊಕ್ಕೆ. ಆಗಿನ ಸೈನ್ಯದ ಕಾಯ್ದೆಯ 61ನೇ ವಿಧಿಯಲ್ಲಿ, ಅಧಿಕಾರಿಗೂ ಮರ್ಯಾದಸ್ಥನಿಗೂ ತಕ್ಕದ್ದಲ್ಲದ ನಡತೆ ಸಾಬೀತಾದರೆ ಶಿಕ್ಷೆ ಒಂದೇ, ವಜಾ. ಛೀಮಾರಿ ಹಾಕಿ ಬಿಡುವುದು, ಹಿರಿತನ ಕಳೆಯುವುದು, ಸಂಬಳ ಹಿಡಿಯುವುದು ಇಂಥದ್ದಕ್ಕೆ ಜಾಗವೇ ಇಲ್ಲ. ಹಾಗಾಗಿ ಕೋರ್ಟು ಅತಿ ಕಠಿಣ ಶಿಕ್ಷೆ ಕೊಟ್ಟಿತು ಅನ್ನುವ ದೂರು ಪೂರ್ತಿ ಸರಿಯಲ್ಲ. ದೋಷಿ ಅಂದಮೇಲೆ ಕೋರ್ಟಿನ ಕೈ ಕಟ್ಟಿತ್ತು. ಕಡಿಮೆ ಮಾಡುವ ಅಧಿಕಾರ ಇದ್ದದ್ದು ಮೇಲೆ, ಕೊನೆಗೆ ಅಧ್ಯಕ್ಷನಿಗೆ. ಅನ್ಯಾಯ ಹುಡುಕುವವರು ಫೋರ್ಟ್ ಡೇವಿಸ್ ಬಿಟ್ಟು ವಾಷಿಂಗ್ಟನ್ ಕಡೆ ನೋಡಬೇಕು.

ವಾಷಿಂಗ್ಟನ್‌ನಲ್ಲಿ

ಕಡತ ಮೊದಲು ಹೋದದ್ದು ಸೈನ್ಯದ ಮುಖ್ಯ ಕಾನೂನು ಅಧಿಕಾರಿ ಡೇವಿಡ್ ಸ್ವೇಮ್ ಮೇಜಿಗೆ. ಸ್ವೇಮ್ ಓದಿ ಅಭಿಪ್ರಾಯ ಬರೆದ. ಯಾವ ಅಧಿಕಾರಿಯನ್ನೂ ಇಷ್ಟು ಕಟುವಾಗಿ, ಅವಮಾನಿಸಿ ನಡೆಸಿಕೊಂಡ ಉದಾಹರಣೆ ಕಡತಗಳಲ್ಲಿ ಇಲ್ಲ ಅಂತ ಶಾಫ್ಟರ್ ಬಗ್ಗೆ ಟೀಕಿಸಿದ. ದೋಷಿ ಅನ್ನುವುದನ್ನು ಒಪ್ಪಿ, ಶಿಕ್ಷೆಯನ್ನು ಮಾತ್ರ ಕಡಿಮೆ ಮಾಡಿ ಅಂತ ಶಿಫಾರಸು ಮಾಡಿದ. ಅಧ್ಯಕ್ಷ ಚೆಸ್ಟರ್ ಆರ್ಥರ್ ಶಿಫಾರಸನ್ನು ಪಕ್ಕಕ್ಕಿಟ್ಟು ವಜಾ ಆದೇಶಕ್ಕೆ ಒಪ್ಪಿಗೆ ಕೊಟ್ಟ. 1882ರ ಜೂನ್ 30ಕ್ಕೆ ಫ್ಲಿಪ್ಪರ್ ಸೈನ್ಯದಿಂದ ಹೊರಗೆ.

ಆರ್ಥರ್ ಕಪ್ಪು ಜನರ ವಿರೋಧಿ ಅಂತ ಹಣೆಪಟ್ಟಿ ಹಚ್ಚುವುದೂ ಕಷ್ಟ. ಅದೇ ವರ್ಷ ಮಾರ್ಚ್‌ನಲ್ಲಿ ಜಾನ್ಸನ್ ವಿಟೇಕರ್ ಅನ್ನುವ ಕಪ್ಪು ಕೆಡೆಟ್ ಮೇಲಿನ ಕೋರ್ಟ್ ಮಾರ್ಷಲ್ ತೀರ್ಪನ್ನು ರದ್ದು ಮಾಡಿದವನು ಇದೇ ಆರ್ಥರ್. ವಿಟೇಕರ್ ವೆಸ್ಟ್ ಪಾಯಿಂಟ್‌ನಲ್ಲಿ ಫ್ಲಿಪ್ಪರ್‌ನ ಕೋಣೆಯಲ್ಲೇ ಇದ್ದ ಹುಡುಗ. 1880ರಲ್ಲಿ ಒಂದು ಬೆಳಿಗ್ಗೆ ಕಾಲು ಮಂಚಕ್ಕೆ ಕಟ್ಟಿ, ಕಿವಿ ಕೊಯ್ದ ಸ್ಥಿತಿಯಲ್ಲಿ ಸಿಕ್ಕಿದ್ದ. ತಾನೇ ಮಾಡಿಕೊಂಡ ಅಂತ ಅಧಿಕಾರಿಗಳು ಅವನನ್ನೇ ಕಟಕಟೆಗೆ ಹತ್ತಿಸಿದ್ದರು. ತೀರ್ಪು ರದ್ದಾಯಿತು, ಆದರೆ ಪರೀಕ್ಷೆ ಫೇಲು ಅನ್ನುವ ಕಾರಣಕ್ಕೆ ಅವನನ್ನೂ ಹೊರಹಾಕಿದರು. ಒಟ್ಟಿನಲ್ಲಿ 1882ರ ಮಧ್ಯಭಾಗಕ್ಕೆ ಇಬ್ಬರೂ ಸಮವಸ್ತ್ರದಲ್ಲಿ ಇಲ್ಲ.

ಇನ್ನು ಹೋಲಿಕೆ. ಅಂಥದ್ದೇ ತಪ್ಪಿಗೆ ಬೇರೆಯವರಿಗೆ ಏನಾಯಿತು?

ಮೇಜರ್ ಬೆಂಜಮಿನ್ ರಂಕಲ್ ಅಂತ ಒಬ್ಬ ಬಿಳಿ ಅಧಿಕಾರಿ. ಕೆಂಟಕಿಯಲ್ಲಿ, ಗುಲಾಮಗಿರಿಯಿಂದ ಬಿಡುಗಡೆಯಾದವರ ಇಲಾಖೆಯ ಹಣ ಹಂಚುವ ಕೆಲಸದಲ್ಲಿದ್ದ. ಕಪ್ಪು ಸೈನಿಕರಿಗೆ ಸೇರಬೇಕಾದ ಹಣದ ವಿಷಯದಲ್ಲಿ 1872ರಲ್ಲಿ ಕೋರ್ಟ್ ಮಾರ್ಷಲ್ ಆಯಿತು. ಹಣದ ಆರೋಪದಲ್ಲೂ ದೋಷಿ, ಮರ್ಯಾದಸ್ಥನ ನಡತೆಯ ಆರೋಪದಲ್ಲೂ ದೋಷಿ. ವಜಾ ಆದ. 1877ರಲ್ಲಿ ಅಧ್ಯಕ್ಷ ಹೇಯ್ಸ್ ಆ ಆದೇಶವನ್ನು ವಾಪಸ್ ತೆಗೆದುಕೊಂಡ. ವಿಷಯ ಸುಪ್ರೀಂ ಕೋರ್ಟಿಗೂ ಹೋಗಿ, ಮೊದಲ ವಜಾ ಆದೇಶಕ್ಕೆ ಅಧ್ಯಕ್ಷನೇ ಖುದ್ದಾಗಿ ಮಂಜೂರಾತಿ ಕೊಟ್ಟದ್ದು ದಾಖಲೆಯಲ್ಲಿ ಕಾಣುತ್ತಿಲ್ಲ ಅಂತ 1887ರಲ್ಲಿ ರಂಕಲ್ ಪರವೇ ಆಯಿತು.

ಇನ್ನೊಬ್ಬ ಯಾರು ಗೊತ್ತೇ? ಶಿಕ್ಷೆ ಕಡಿಮೆ ಮಾಡಿ ಅಂತ ಬರೆದ ಸ್ವೇಮ್! 1884ರಲ್ಲಿ ವಾಷಿಂಗ್ಟನ್‌ನ ದಲ್ಲಾಳಿ ಸಂಸ್ಥೆಯೊಂದರ ಜೊತೆಗಿನ ಹಣದ ವ್ಯವಹಾರಕ್ಕೆ ಅವನ ಮೇಲೇ ಕೋರ್ಟ್ ಮಾರ್ಷಲ್ ನಡೆಯಿತು. ಕೋರ್ಟು ಆರೋಪವನ್ನು ಸ್ವಲ್ಪ ಇಳಿಸಿ, ಶಿಸ್ತಿಗೆ ಧಕ್ಕೆ ತರುವ ನಡತೆ ಅನ್ನುವ ಮಟ್ಟಕ್ಕೆ ತಂದು ದೋಷಿ ಅಂದಿತು. ಕೊನೆಗೆ ಆದದ್ದು 12 ವರ್ಷ ಅರ್ಧ ಸಂಬಳದ ಮೇಲೆ ಅಮಾನತು. ವಜಾ ಅಲ್ಲ.

ಇದನ್ನೇ ನಾನು ಹೇಳಬೇಕು ಅಂದುಕೊಂಡದ್ದು. 61ನೇ ವಿಧಿಯಲ್ಲಿ ಮೆಟ್ಟಿಲು ಇರಲಿಲ್ಲ ನಿಜ. ಆದರೆ ಬೇಕಾದವರಿಗೆ ಮೆಟ್ಟಿಲು ಕಟ್ಟಿಕೊಡುವುದು ಆ ಸೈನ್ಯಕ್ಕೆ ಗೊತ್ತಿತ್ತು. ಆರೋಪವನ್ನೇ ಒಂದು ಮಟ್ಟ ಇಳಿಸಬಹುದಿತ್ತು, ಸ್ವೇಮ್‌ಗೆ ಇಳಿಸಿದ ಹಾಗೆ. ಆದೇಶವನ್ನು ವಾಪಸ್ ತೆಗೆದುಕೊಳ್ಳಬಹುದಿತ್ತು, ರಂಕಲ್‌ಗೆ ಮಾಡಿದ ಹಾಗೆ. ಫ್ಲಿಪ್ಪರ್‌ಗೆ ನಿಯಮವನ್ನು ಅಕ್ಷರಕ್ಕೆ ಅಕ್ಷರ ಹಚ್ಚಿದರು. ನಿಯಮ ಮೀರಿ ಅನ್ಯಾಯ ಮಾಡಿದ್ದರೆ ಮೇಲ್ಮನವಿಗೆ ಏನಾದರೂ ಹಿಡಿ ಸಿಗುತ್ತಿತ್ತು. ನಿಯಮದ ಪ್ರಕಾರವೇ ಮಾಡಿದ್ದರಿಂದ ಮುಂದೆ ಸುಮಾರು ನೂರು ವರ್ಷ ಯಾರಿಗೂ ಅದನ್ನು ಅಲ್ಲಾಡಿಸಲು ಆಗಲಿಲ್ಲ.

ಆಮೇಲಿನ ಬದುಕು

ಬದುಕು ನಿಲ್ಲಲಿಲ್ಲ, ಅದೂ ಸಣ್ಣ ಬದುಕಲ್ಲ. ಎಲ್ ಪಾಸೊಗೆ ಹೋಗಿ ಸರ್ವೇಯರ್ ಆದ. ಮೆಕ್ಸಿಕೊದ ಗಣಿ, ಜಮೀನು ಕಂಪನಿಗಳಿಗೆ ಎಂಜಿನಿಯರ್ ಆದ. ಸ್ಪ್ಯಾನಿಷ್ ಚೆನ್ನಾಗಿ ಕಲಿತು ಮೆಕ್ಸಿಕೊದ ಭೂ ಕಾನೂನುಗಳನ್ನು ಇಂಗ್ಲಿಷಿಗೆ ತಂದ. ಅರಿಜೋನಾದ ನೊಗಾಲೆಸ್ ಊರಿನ ಜನ ಹಳೇ ಭೂದಾನದ ವ್ಯಾಜ್ಯವೊಂದರಲ್ಲಿ ಜಮೀನು ಕಳೆದುಕೊಳ್ಳುವ ಹಾಗಿದ್ದಾಗ ಅವರ ಪರ ದಾಖಲೆ ಅಗೆದು ಕೊಟ್ಟವನು ಇವನೇ. ಕೆಲ ಕಾಲ ಅಲ್ಲಿನ ಪತ್ರಿಕೆಗೆ ಸಂಪಾದಕನೂ ಆಗಿದ್ದ. 1893ರಿಂದ 1901ರವರೆಗೆ ನ್ಯಾಯ ಇಲಾಖೆಯ ವಿಶೇಷ ಏಜೆಂಟ್. ತಮಾಷೆ ನೋಡಿ, ಸೈನ್ಯಕ್ಕೆ ನಂಬಿಕೆಗೆ ಅನರ್ಹ ಅನ್ನಿಸಿದವನನ್ನು ಅದೇ ಸರ್ಕಾರದ ಇನ್ನೊಂದು ಇಲಾಖೆ ಲಕ್ಷಾಂತರ ಎಕರೆಯ ದಾಖಲೆಗಳ ಅಸಲಿ ನಕಲಿ ಪರೀಕ್ಷೆಗೆ ಕೂರಿಸಿತು.

1898ರಲ್ಲಿ ಸ್ಪೇನ್ ಜೊತೆ ಯುದ್ಧ ಬಂತು. ಫ್ಲಿಪ್ಪರ್ ತನ್ನನ್ನು ವಾಪಸ್ ತೆಗೆದುಕೊಳ್ಳಿ ಅಂತ ಕೇಳಿದ, ಕಾಂಗ್ರೆಸ್‌ನಲ್ಲಿ, ಅಂದರೆ ಅಮೆರಿಕದ ಸಂಸತ್ತಿನಲ್ಲಿ, ಅವನ ಪರ ಮಸೂದೆಯೂ ಬಂತು, ಸಮಿತಿಯಲ್ಲೇ ಸತ್ತಿತು. ಆ ಬೇಸಿಗೆಯಲ್ಲಿ ಅವನ ಹಳೇ ರೆಜಿಮೆಂಟ್ 10ನೇ ಅಶ್ವದಳ ಕ್ಯೂಬಾದ ಸ್ಯಾನ್ ಹ್ವಾನ್ ಗುಡ್ಡದಲ್ಲಿ ಹೋರಾಡಿತು. ಅಲ್ಲಿ ಇಡೀ ಅಮೆರಿಕನ್ ಪಡೆಯ ದಂಡನಾಯಕ ಯಾರು? ಶಾಫ್ಟರ್, ಈಗ ಮೇಜರ್ ಜನರಲ್. ತೂಕ 300 ಪೌಂಡಿಗೂ ಜಾಸ್ತಿ, ಕುದುರೆ ಹತ್ತುವುದೇ ಕಷ್ಟ.

1924ರವರೆಗೂ ಫ್ಲಿಪ್ಪರ್ ಪರ ಮಸೂದೆ ಮೇಲೆ ಮಸೂದೆ ಹೋದವು. ಒಂದೂ ಪಾಸಾಗಲಿಲ್ಲ. ಅವನಿಗೆ ಕೊನೆಯಲ್ಲಿ ಸಿಕ್ಕ ದೊಡ್ಡ ಬೆಂಬಲಿಗ ಸೆನೆಟರ್ ಆಲ್ಬರ್ಟ್ ಫಾಲ್. 1921ರಲ್ಲಿ ಒಳಾಡಳಿತ ಸಚಿವನಾದಾಗ ಫ್ಲಿಪ್ಪರ್‌ನನ್ನು ಸಹಾಯಕನಾಗಿ ಕರೆಸಿಕೊಂಡ. ಈ ಫಾಲ್ ಮುಂದೆ ಟೀಪಾಟ್ ಡೋಮ್ ತೈಲ ಹಗರಣದಲ್ಲಿ ಲಂಚ ತಿಂದು ಜೈಲಿಗೆ ಹೋದ, ಅಮೆರಿಕದಲ್ಲಿ ಸಚಿವ ಸ್ಥಾನದಲ್ಲಿದ್ದಾಗಿನ ಅಪರಾಧಕ್ಕೆ ಜೈಲು ಕಂಡ ಮೊದಲಿಗ. ಫ್ಲಿಪ್ಪರ್‌ನ ಹಣೆಬರಹ ಅಂದರೆ ಇದು. ಆಮೇಲೆ ವೆನೆಜುವೆಲಾದ ತೈಲ ಕಂಪನಿಯಲ್ಲಿ ಕೆಲವು ವರ್ಷ ಕೆಲಸ ಮಾಡಿದ. 1929ರ ಷೇರು ಕುಸಿತದಲ್ಲಿ ಉಳಿತಾಯ ಹೋಯಿತು. ಅಟ್ಲಾಂಟಾದಲ್ಲಿ ಚರ್ಚಿನ ಬಿಷಪ್ ಆಗಿದ್ದ ತಮ್ಮ ಜೋಸೆಫ್‌ನ ಮನೆ ಸೇರಿದ. 1940ರಲ್ಲಿ ಅಲ್ಲೇ ತೀರಿಕೊಂಡ, ವಯಸ್ಸು 84.

ಅವನ ನಂತರ ವೆಸ್ಟ್ ಪಾಯಿಂಟ್ ಮುಗಿಸಿದ ಕಪ್ಪು ಅಧಿಕಾರಿಗಳ ಪಟ್ಟಿ ಎಷ್ಟು ಚಿಕ್ಕದು ಅಂದರೆ, 1887ರಲ್ಲಿ ಜಾನ್ ಅಲೆಕ್ಸಾಂಡರ್, 1889ರಲ್ಲಿ ಚಾರ್ಲ್ಸ್ ಯಂಗ್, ಆಮೇಲೆ ನೇರ 1936ರಲ್ಲಿ ಬೆಂಜಮಿನ್ ಡೇವಿಸ್ ಜೂನಿಯರ್. ಡೇವಿಸ್‌ಗೂ ನಾಲ್ಕು ವರ್ಷ ಯಾರೂ ಮಾತಾಡಿಸಲಿಲ್ಲ. ಫ್ಲಿಪ್ಪರ್ ಸೇರಿ 60 ವರ್ಷಗಳಾದರೂ ಆ ರೂಢಿ ಹೋಗಿರಲಿಲ್ಲ.

ದಾಖಲೆ ತಿದ್ದಿದ್ದು

ಜಾರ್ಜಿಯಾದ ಒಬ್ಬ ಶಾಲಾ ಮೇಷ್ಟ್ರು ಮತ್ತು ಫ್ಲಿಪ್ಪರ್ ವಂಶದವರು ಸೇರಿ ಅರ್ಜಿ ಹಾಕಿದ ಮೇಲೆ 1976ರಲ್ಲಿ ಸೈನ್ಯದ ದಾಖಲೆ ತಿದ್ದುವ ಮಂಡಳಿ ಕಡತ ತೆರೆಯಿತು. ತೀರ್ಪನ್ನು ರದ್ದು ಮಾಡುವ ಅಧಿಕಾರ ಮಂಡಳಿಗೆ ಇಲ್ಲ. ಆದರೆ ವಜಾ ಶಿಕ್ಷೆ ಅತಿಯಾಯಿತು, ಅನ್ಯಾಯ ಅಂತ ಹೇಳಿ, 1882ರ ಜೂನ್ 30ರ ತಾರೀಖಿಗೇ ಗೌರವದ ಬಿಡುಗಡೆ ಅಂತ ಬದಲಿಸಿತು. 1977ರಲ್ಲಿ ವೆಸ್ಟ್ ಪಾಯಿಂಟ್‌ನಲ್ಲಿ ಅವನ ಮೂರ್ತಿ ಬಂತು. ಕಷ್ಟವನ್ನು ಎದುರಿಸಿ ನಿಂತ ಕೆಡೆಟ್‌ಗೆ ಈಗ ಅವನ ಹೆಸರಿನಲ್ಲಿ ಪ್ರಶಸ್ತಿಯೂ ಇದೆ. 1978ರಲ್ಲಿ ಅವಶೇಷವನ್ನು ಅಟ್ಲಾಂಟಾದಿಂದ ತಂದು ಥಾಮಸ್‌ವಿಲ್‌ನಲ್ಲಿ ಸೈನಿಕ ಗೌರವದೊಂದಿಗೆ ಮಣ್ಣು ಮಾಡಿದರು.

1999ರ ಫೆಬ್ರವರಿ 19ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಕ್ಷಮೆ ಘೋಷಿಸಿದ. ಸತ್ತವರಿಗೆ ಅಮೆರಿಕದ ಅಧ್ಯಕ್ಷರೊಬ್ಬರು ಕ್ಷಮೆ ಕೊಟ್ಟದ್ದು ಅದೇ ಮೊದಲು. ಅದಕ್ಕೂ ಮುಂಚೆ, ಸತ್ತವರ ಅರ್ಜಿ ತೆಗೆದುಕೊಳ್ಳುವ ಪದ್ಧತಿಯೇ ನಮ್ಮಲ್ಲಿಲ್ಲ ಅಂತ ನ್ಯಾಯ ಇಲಾಖೆ ಕೈ ಚೆಲ್ಲಿತ್ತು.

ಕ್ಷಮೆ ಅಂದರೆ ತೀರ್ಪು ರದ್ದಾಯಿತು ಅಂತಲ್ಲ. ಶಿಕ್ಷೆಯ ಕಳಂಕ ತೆಗೆದದ್ದು ಅಷ್ಟೇ, ದೋಷಿ ಅನ್ನುವ 1881ರ ಮಾತು ಕಡತದಲ್ಲಿ ಹಾಗೇ ಇದೆ. ಫ್ಲಿಪ್ಪರ್ 1898ರಿಂದ ಕಾಂಗ್ರೆಸ್ ಮುಂದೆ ಇಟ್ಟ ಬೇಡಿಕೆಗಳಲ್ಲಿ ಕ್ಷಮೆಯ ಮಾತೇ ಇರಲಿಲ್ಲ. ತನ್ನ ಹುದ್ದೆ, ತನ್ನ ಹಿರಿತನ, ತನ್ನ ರೆಜಿಮೆಂಟ್ ವಾಪಸ್ ಬೇಕು ಅಂತ ಕೇಳಿದ್ದ.